ಪದಚರ್ಚೆ: ಜನರೇಟರ್ ‘ಓಡಿಸೋದು’, ‘ದುಡಿಸೋದು’, ‘ಲೋಡ್ ಹಾಕೋದು’ – ನಿಮ್ಮ ಕಡೆ ಏನಂತಾರ?

ಎಲ್ರಿಗೂ ನಮಸ್ಕಾರ್ರಿ,

ಗಂಗಾವತಿಯಿಂದ ಬರೀತಿದೀನಿ. ಒಂದು ಪದದ ಬಗ್ಗೆ ಕೇಳ್ಬೇಕಿತ್ತು. ಆ ಪದ ನಾನು ಸರಿಯಾಗಿ ಬರೀಲಿಲ್ಲ ಅಂತ ಒಂದು ಇಂಜಿನ್ ಹಾಳಾಗೋ ಮಟ್ಟಕ್ಕ ಹೋಗಿತ್ತು, ಅದನ್ನ ಮೊದ್ಲು ಹೇಳದಿದ್ರ ನಾನು ಯಾಕ ಕೇಳ್ತಿದೀನಿ ಅಂತ ತಿಳಿಯಂಗಿಲ್ಲ, ಅದಕ್ಕ ಸ್ವಲ್ಪ ಉದ್ದ ಆಗ್ತೈತಿ, ಬ್ಯಾಸರ ಮಾಡ್ಕೋಬ್ಯಾಡ್ರಿ.

ನಮ್ಮ ಅಕ್ಕನ ಮಗ ಒಂದು ಮೋಟರ್‌ಹೋಮ್ ಇಟ್ಕೊಂಡಾನ. ಮಿನಿ ಬಸ್ಸಿನ ಚಾಸಿ ಮ್ಯಾಲ ಮಲಗೋ ಜಾಗ, ಅಡಿಗಿ ಕಟ್ಟಿ, ಸಣ್ಣ ಬಚ್ಚಲ, ಏಸಿ ಎಲ್ಲಾ ಮಾಡ್ಸಿದ ಗಾಡಿ, ಹಂಪಿ ಆನೆಗೊಂದಿ ನೋಡಾಕ ಬರೋರಿಗೆ ಬಾಡಿಗಿಗೆ ಕೊಡ್ತಾನ. ಗಾಡಿ ಪಕ್ಕದಾಗ ಒಂದು ಬಾಗಿಲಿನ ಡಬ್ಬಿ ಐತಿ, ಅದರೊಳಗ 5 ಕೆವಿಎ ಡೀಸೆಲ್ ಜನರೇಟರ್ ಕುಂತೈತಿ. ಅದರ ಜೊತಿ ಬಂದ ಪುಸ್ತಕ ಪೂರ್ತಿ ಇಂಗ್ಲಿಷು, ಡ್ರೈವರಿಗೆ ಕನ್ನಡ ಚಲೋ ಬರ್ತೈತಿ ಇಂಗ್ಲಿಷ್ ಬರಂಗಿಲ್ಲ. “ಮಾಮಾ, ಕನ್ನಡದಾಗ ಒಂದು ಹಾಳಿ ಬರ್ದು ಕೊಡು, ಡಬ್ಬಿ ಬಾಗಿಲಿಗೆ ಅಂಟಿಸ್ತೀನಿ” ಅಂದ. ನಾನು ಖುಷಿಯಿಂದನ ಒಪ್ಪಿಕೊಂಡೆ, ಕನ್ನಡದಾಗ ಇಂಥವು ಬರಬೇಕು ಅಂತ ನಾನು ಯಾವಾಗ್ಲೂ ಹೇಳಾವನ.

ಪುಸ್ತಕದಾಗ ಒಂದು ಮಾತಿತ್ತು: ಜನರೇಟರ್ ಬಳಸದ ದಿನಗಳಾಗ ತಿಂಗಳಿಗೊಮ್ಮೆ ಅರ್ಧ ಲೋಡಿನ ಮ್ಯಾಲ ಎರಡು ತಾಸು ‘ಎಕ್ಸರ್‌ಸೈಜ್’ ಮಾಡಿಸ್ಬೇಕು ಅಂತ. ಲೋಡ್ ಅಂದ್ರ ಏಸಿ, ಗೀಜರ್ ಇಂಥವು ಜನರೇಟರಿನಿಂದ ಎಳಕೊಳ್ಳೋ ಕರೆಂಟು. ನಾನು ಮೊದಲನೇ ಸಲ ಬರ್ದಿದ್ದು ಹಿಂಗ: “ತಿಂಗಳಿಗೊಮ್ಮೆ ಅರ್ಧ ಹೊರೆಯಲ್ಲಿ ಎರಡು ಗಂಟೆ ವ್ಯಾಯಾಮ ಮಾಡಿಸಿ.” ಡ್ರೈವರ್ ಓದಿ ಕೇಳಿದ, “ಸರ, ಹೊರೆ ಅಂದ್ರ ಏನಿಡಬೇಕ್ರಿ ಅದರ ಮ್ಯಾಲ?” ಅವನ ತಪ್ಪೇನಿಲ್ಲ. ನಮ್ಮ ಕಡೆ ಹೊರೆ ಅಂದ್ರ ಕಟ್ಟಿಗಿ ಹೊರೆ, ಹುಲ್ಲಿನ ಹೊರೆ, ತಲಿ ಮ್ಯಾಲ ಹೊರೋದು. ಅರ್ಧ ಹೊರೆ ಅಂದ್ರ ಅರ್ಧ ಕಟ್ಟು. ಕರೆಂಟಿಗೂ ಹೊರೆಗೂ ಸಂಬಂಧ ಐತಿ ಅಂತ ಶಾಲಿ ಪುಸ್ತಕ ಓದಿದೋರಿಗೆ ಅಷ್ಟ ಗೊತ್ತು. ಅದಕ್ಕ ನಾನು ಸರಳ ಮಾಡೋಣ ಅಂತ ಎಲ್ಲಾ ತಗದು “ತಿಂಗಳಿಗೊಮ್ಮೆ ಜನರೇಟರ್ ಓಡಿಸಿ” ಅಂತ ಬರ್ದುಬಿಟ್ಟೆ. ಅಚ್ಚುಕಟ್ಟಾಗಿ ಐತಿ, ಯಾರಿಗಾದ್ರೂ ತಿಳಿತೈತಿ ಅನ್ಕೊಂಡೆ.

ಮಳಿಗಾಲ, ಗಿರಾಕಿ ಇಲ್ಲ, ಗಾಡಿ ಶೆಡ್ಡಿನಾಗ ನಿಂತಿತ್ತು. ಡ್ರೈವರ್ ಹೇಳಿದಂಗ ಕೇಳೋ ಹುಡುಗ, ತಿಂಗಳಿಗೊಮ್ಮೆ ತಪ್ಪದ ಸೆಲ್ಫ್ ಹೊಡದು ಹದಿನೈದಿಪ್ಪತ್ತು ನಿಮಿಷ ಓಡಿಸಿ, ಸೌಂಡ್ ಚಲೋ ಐತಿ ಅಂತ ನೋಡಿ ಬಂದ್ ಮಾಡ್ತಿದ್ದ. ಏಸಿ ಹಚ್ಚಿಲ್ಲ, ಗೀಜರ್ ಹಚ್ಚಿಲ್ಲ, ಒಂದು ಲೈಟ್ ಸುದ್ದಾ ಹಚ್ಚಿಲ್ಲ, ಯಾಕಂದ್ರ ಹಾಳ್ಯಾಗ ಹಂಗ ಬರದಿರಲಿಲ್ಲ. ಚಳಿಗಾಲಕ್ಕ ಮೊದಲನೇ ಗಿರಾಕಿ ಬಂದಾಗ ಏಸಿ ಹಾಕಿದ್ರ ಇಂಜಿನ್ ದಮ್ಮು ಹೋದಂಗ ಕುಗ್ಗಿತು, ಬಿಳಿ ಹೊಗಿ ಬಂತು, ನಿಂತೇಬಿಡ್ತು. ಸೈಲೆನ್ಸರ್ ಬಾಯಾಗ ನೋಡಿದ್ರ ಕರ್ರಗ ಹಸಿ ಹಸಿ ಏನೋ ಸೋರಿತ್ತು, ಬಂಡಿ ಅಚ್ಚಿಗೆ ಹಚ್ಚೋ ಕೀಲೆಣ್ಣಿ ಇದ್ದಂಗ.

ಗಂಗಾವತಿಯಾಗ ಡೀಸೆಲ್ ಪಂಪ್, ನಾಜಲ್ (ಇಂಜಿನ್ ಒಳಗ ಡೀಸೆಲ್ ಚಿಮ್ಮಿಸೋ ಭಾಗ) ಕೆಲಸ ಮಾಡೋ ಒಬ್ರು ಹಿರೇ ಮಿಸ್ತ್ರಿ ಅದಾರ. ಭತ್ತದ ಸುಗ್ಗಿ ಬಂದ್ರ ಹಾರ್ವೆಸ್ಟರ್, ಟ್ರ್ಯಾಕ್ಟರ್, ರೈಸ್ ಮಿಲ್ಲಿನ ಜನರೇಟರ್ ಅಂತ ಅವರಿಗೆ ಪುರಸೊತ್ತಿರಂಗಿಲ್ಲ. ಅವರು ಆ ಕರಿ ಎಣ್ಣಿ ಬೆರಳಿಗೆ ಹಚ್ಕೊಂಡು ತಿಕ್ಕಿ ನೋಡಿ ಒಂದ ಮಾತು ಅಂದ್ರು: “ಇದನ್ನ ಬರೇ ಓಡಿಸ್ಯಾರ್ರಿ, ದುಡಿಸಿಲ್ಲ.”

ಆ ಮಾತು ಕೇಳಿದ ಮ್ಯಾಲ ನನಗ ಆ ರಾತ್ರಿ ನಿದ್ದಿ ಬರಲಿಲ್ಲ. ಪುಸ್ತಕದ ಅರ್ಧ ಪುಟದ ವಿಷಯ ಅವರು ಎರಡು ಕ್ರಿಯಾಪದದಾಗ ಹೇಳಿದ್ರು, ನಾನು ಬರ್ದ ಒಂದು ಕ್ರಿಯಾಪದ ಇಂಜಿನ್ ಕೆಡಿಸ್ತು.

ಅವರು ಬಿಡಿಸಿ ಹೇಳಿದ್ದು ಹಿಂಗ. ಡೀಸೆಲ್ ಇಂಜಿನ್ ಖಾಲಿ ಓಡಿದ್ರ ಸಿಲಿಂಡರ್ ಒಳಗ ಕಾವು ಸಾಕಷ್ಟು ಏರಂಗಿಲ್ಲ, ಪಿಸ್ಟನ್ ರಿಂಗು ಗೋಡಿಗೆ ಬಿಗಿಯಾಗಿ ಒತ್ತಂಗಿಲ್ಲ, ನಾಜಲ್ ಬಿಟ್ಟ ಡೀಸೆಲ್ ಪೂರ್ತಿ ಉರಿಯಂಗಿಲ್ಲ. ಉರೀಲಾರದ ಡೀಸೆಲ್ಲು, ಮಸಿ, ಇಂಜಿನ್ ಆಯಿಲ್ ಮೂರೂ ಕೂಡಿ ಹೊಗಿ ಪೈಪಿನಾಗ ಅಂಟಾಗಿ ನಿಲ್ತೈತಿ, ನಾಜಲ್ ಮೂತಿಗೂ ಮಸಿ ಕಟ್ತೈತಿ. ಇದಕ್ಕ ಇಂಗ್ಲಿಷಿನಾಗ ‘ವೆಟ್ ಸ್ಟ್ಯಾಕಿಂಗ್’ ಅಂತಾರ. ಸಾಮಾನ್ಯವಾಗಿ ಲೋಡು ಶೇಕಡಾ 30ಕ್ಕಿಂತ ಕೆಳಗ ಇಟ್ಟು ಬಾಳ ಹೊತ್ತು ಓಡಿಸಿದ್ರ ಇದು ಶುರು ಆಗ್ತೈತಿ. ನಮ್ಮದು 5 ಕೆವಿಎ, ಪವರ್ ಫ್ಯಾಕ್ಟರ್ (ಕೆವಿಎದಾಗ ಖರೇ ಕೆಲಸಕ್ಕ ಬರೋ ಪಾಲು) 0.8 ಹಿಡಿದ್ರ 4 ಕಿಲೋವ್ಯಾಟ್. ಅಂದ್ರ ಅರ್ಧ ಲೋಡು 2 ಕಿಲೋವ್ಯಾಟ್, ಒಂದು 2000 ವ್ಯಾಟಿನ ಗೀಜರ್ ಹಚ್ಚಿದ್ರ ಮುಗೀತು. ಇಷ್ಟು ಸಣ್ಣ ವಿಷಯ.

ರಿಪೇರಿ ಮಾಡಿದ್ದೂ ಇದೇ ಲೆಕ್ಕದಾಗ. ಮೊದ್ಲು ಸೈಲೆನ್ಸರ್ ಬಿಚ್ಚಿ ಒಳಗಿನ ಮಸಿ ಕೆರೆದು ತಗದ್ರು, ಅದು ಹಂಗ ಇದ್ದಾಗ ಒಮ್ಮೆಲೆ ಲೋಡ್ ಹಾಕಿದ್ರ ಪೈಪಿನೊಳಗ ಬೆಂಕಿ ಹತ್ತೋ ಭಯ ಇರ್ತೈತಂತ. ನಾಜಲ್ ಬಿಚ್ಚಿ ಟೆಸ್ಟಿಂಗಿಗೆ ಹಾಕಿದ್ರು, ಆಯಿಲ್ಲು, ಆಯಿಲ್ ಫಿಲ್ಟರು, ಡೀಸೆಲ್ ಫಿಲ್ಟರು ಬದಲಿ ಮಾಡಿದ್ರು. ಆಮ್ಯಾಲ ಶಾಮಿಯಾನದವರ ಹತ್ರ 500 ವ್ಯಾಟಿನ ಆರು ಹ್ಯಾಲೋಜನ್ ಲೈಟ್ ತರಿಸಿ, ಮೊದ್ಲು ಎರಡು, ಸ್ವಲ್ಪ ಹೊತ್ತು ಬಿಟ್ಟು ನಾಲ್ಕು, ಕಡಿಗೆ ಆರೂ ಹಚ್ಚಿ ಸಂಜಿತನಕ ಓಡಿಸಿದ್ರು. ಹೊಗಿ ಬಿಳಿ ಇದ್ದದ್ದು ತೆಳ್ಳಗಾಗಿ ಕಡಿಗೆ ಕಾಣದಂಗ ಆತು. ನಾನು ಹಗಲಿನಾಗ ಉರಿಯೋ ಆರು ಹ್ಯಾಲೋಜನ್ ಮುಂದ ಕುಂತು ‘ದುಡಿಸು’ ಅನ್ನೋ ಪದದ ಬಗ್ಗೆನ ವಿಚಾರ ಮಾಡ್ತಿದ್ದೆ.

ಈಗ ನನ್ನ ಪ್ರಶ್ನಿ. ‘ಎಕ್ಸರ್‌ಸೈಜ್’ಗೆ ‘ದುಡಿಸು’ ಅಂತ ಬರೀಬಹುದಾ? ನನಗೇನೋ ಇದಕ್ಕಿಂತ ಚಲೋ ಪದ ಇಲ್ಲ ಅನಿಸ್ತೈತಿ. ಎತ್ತು ಓಡಿಸೋದು ಬ್ಯಾರೆ, ದುಡಿಸೋದು ಬ್ಯಾರೆ ಅಂತ ಹೊಲ ಮಾಡೋರಿಗೆ ಹೇಳ್ಕೊಡಬೇಕಿಲ್ಲ, ನೊಗ ಹೊತ್ತು ನೆಲ ಸೀಳಿದ್ರ ಅದು ದುಡಿಮಿ. ದುಡಿಸು ಅನ್ನೋದರೊಳಗ ಲೋಡ್ ತಾನಾಗೇ ಕುಂತೈತಿ, ಬ್ಯಾರೆ ಹೇಳ್ಬೇಕಾಗಿಲ್ಲ. ಆದ್ರ ಒಂದು ತೊಡಕೈತಿ. ನಮ್ಮ ಕಡೆ “ಟ್ರ್ಯಾಕ್ಟರ್ ಚಲೋ ದುಡಿತೈತಿ” ಅಂದ್ರ ಬಾಡಿಗಿ ಚಲೋ ಬರ್ತೈತಿ ಅಂತ ಅರ್ಥ. ಅಕ್ಕನ ಮಗನಿಗೆ “ತಿಂಗಳಿಗೊಮ್ಮೆ ಜನರೇಟರ್ ದುಡಿಸಿ” ಅಂತ ತೋರ್ಸಿದ್ರ “ಯಾರಿಗೆ ಬಾಡಿಗಿಗೆ ಕೊಡೋದು ಮಾಮಾ” ಅಂತ ಕೇಳಿದ. ಅದೂ ಖರೇನ.

ಹಂಗಾದ್ರ ‘ಲೋಡ್ ಹಾಕಿ ಓಡಿಸಿ’ ಅನ್ನೋದಾ? ಮಿಸ್ತ್ರಿ ಹತ್ರ ಕೆಲಸ ಕಲಿಯೋ ಹುಡುಗ್ರು ಹಂಗ ಅಂತಾರ: ಲೋಡ್ ಹಾಕು, ಲೋಡ್ ತಗಿ, ಲೋಡ್ ತಗೊಳ್ಳವಲ್ದು. ಈ ಕಡೀದು ನೋಡ್ರಿ, ಲೋಡ್ ತಗೊಳ್ಳೋದು ಇಂಜಿನ್ ಕೆಲಸ, ತಗೊಳ್ಳವಲ್ದು ಅಂದ್ರ ಅದು ಒಲ್ಲೆ ಅಂತೈತಿ ಅಂದಂಗ. ಹೊರೆ, ಭಾರ ಎರಡೂ ಹಿಂಗ ಹೊಂದಂಗಿಲ್ಲ, ‘ಭಾರ ತಗೊಳ್ಳವಲ್ದು’ ಅಂದ್ರ ಲಾರಿ ನೆನಪಾಗ್ತೈತಿ. ಲೋಡ್ ಕನ್ನಡ ಆಗೇಬಿಟ್ಟೈತಿ ಅಂತ ನಾನು ಈಗ ಒಪ್ಕೊಂಡೀನಿ, ಆದ್ರ ಒಂದ ಪದದಾಗ ಹೇಳೋದು ಎಲ್ಲಾದ್ರೂ ಬಳಕಿಯಾಗ ಐತೇನು ಅಂತ ಕೇಳ್ತಿದೀನಿ.

ಇದೇ ಹಾಳ್ಯಾಗ ಇನ್ನೊಂದು ಪದ. ಡೀಸೆಲ್ ಪೈಪಿನೊಳಗ ಗಾಳಿ ಸೇರಿದ್ರ ಅದನ್ನ ಹೊರಗ ಹಾಕೋದಕ್ಕ ಇಂಗ್ಲಿಷಿನಾಗ ‘ಬ್ಲೀಡಿಂಗ್’ ಅಂತಾರ, ಫೋನಿನಾಗ ಅನುವಾದ ಮಾಡಿದ್ರ ಅದು ರಕ್ತಸ್ರಾವ ಅಂತ ಕೊಡ್ತು. ಮಿಸ್ತ್ರಿಗಳು ‘ಏರ್ ತಗಿಯೋದು’ ಅಂತಾರ: ಫಿಲ್ಟರ್ ಮ್ಯಾಲಿನ ಸ್ಕ್ರೂ ಸ್ವಲ್ಪ ಸಡಿಲ ಮಾಡಿ, ಕೈಪಂಪ್ ಒತ್ತುತಾ ಹೋದ್ರ ಗುಳ್ಳಿ ಗುಳ್ಳಿಯಾಗಿ ಡೀಸೆಲ್ ಬರ್ತೈತಿ, ಗುಳ್ಳಿ ನಿಂತು ಬರೇ ಡೀಸೆಲ್ ಬಂದ ಮ್ಯಾಲ ಬಿಗಿ ಮಾಡೋದು. ನಾನು ‘ಗಾಳಿ ತೆಗೆಯಿರಿ’ ಅಂತ ಬರಿಯಾಕ ಹೋಗಿದ್ದೆ. ಮಿಸ್ತ್ರಿ ಬ್ಯಾಡ ಅಂದ್ರು. ವಿಚಾರ ಮಾಡಿದ್ರ ಅವರದ ಸರಿ. ಟೈರಿಗೆ ನಾವು ಗಾಳಿ ಹೊಡಿಸ್ತೀವಿ, ಅದು ಬೇಕಾದ ಗಾಳಿ. ಡೀಸೆಲ್ ಲೈನಿನಾಗ ಬರೋದು ಬ್ಯಾಡಾದ್ದು, ಅದಕ್ಕ ಏರ್. “ಇಂಜಿನ್ ಏರ್ ಹಿಡದೈತಿ” ಅಂತಾರ, “ಗಾಳಿ ಹಿಡದೈತಿ” ಅಂತ ಯಾವ ಮಿಸ್ತ್ರಿನೂ ಅನ್ನಂಗಿಲ್ಲ, ಗಾಳಿ ಹಿಡಿಯೋದು ಮನಿಷಾರಿಗೆ, ಅದಕ್ಕ ತಾಯತ ಕಟ್ಟಸ್ತಾರ. ಎರಡು ಪದ ಒಂದ ವಸ್ತು, ಆದ್ರ ಬ್ಯಾರೆ ಬ್ಯಾರೆ ಕೆಲಸಕ್ಕ ಹಂಚಿಕಿ ಆಗಿಬಿಟ್ಟಾವ. ಇದು ಮೈಸೂರು ಕಡೆ, ಮಂಗಳೂರು ಕಡೆನೂ ಹಿಂಗನಾ? ತಿಳ್ಕೊಳ್ಳೋ ಆಸಿ ಐತಿ.

ಏರ್ ಹಿಡಿದಾಗ ಇನ್ನೊಂದು ಆಗ್ತೈತಿ, ಇಂಜಿನ್ ಸ್ಪೀಡ್ ಒಮ್ಮೆ ಏರೋದು ಒಮ್ಮೆ ಇಳಿಯೋದು, ಲೈಟು ದೊಡ್ಡದಾಗಿ ಸಣ್ಣದಾಗಿ ಉರಿಯೋದು. ನಮ್ಮ ಕರೆಂಟು 50 ಹರ್ಟ್ಸ್, ಅದಕ್ಕ ನಾಲ್ಕು ಪೋಲಿನ (ಪೋಲ್ ಅಂದ್ರ ಒಳಗಿನ ಅಯಸ್ಕಾಂತದ ಧ್ರುವ) ಜನರೇಟರ್ ನಿಮಿಷಕ್ಕ 1500 ಸುತ್ತು, ಎರಡು ಪೋಲಿಂದು 3000 ಸುತ್ತು ತಿರುಗಬೇಕು, ಆ ಸುತ್ತು ಒಂದ ಸಮ ಇಡೋದು ಗವರ್ನರ್ ಕೆಲಸ. ಫಿಲ್ಟರ್ ಕಟ್ಟಿದ್ರ, ಗವರ್ನರ್ ಕಡ್ಡಿ ಜಾಮ್ ಆದ್ರೂ ಹಿಂಗ ಆಗ್ತೈತಿ. ಇಂಗ್ಲಿಷಿನಾಗ ‘ಹಂಟಿಂಗ್’ ಅಂತಾರ, ಯಾರೂ ದಯವಿಟ್ಟು ಬೇಟೆ ಅಂತ ಮಾಡಬ್ಯಾಡ್ರಿ. ನಮ್ಮ ಮಿಸ್ತ್ರಿ “ಜೋಕಾಲಿ ಆಡ್ತೈತಿ” ಅಂದ್ರು. ಇದನ್ನ ಹಂಗ ಹಾಳಿಗೆ ಹಾಕೀನಿ, ಡ್ರೈವರ್ ಓದಿದ ಕೂಡ್ಲೇ ಕೈಯಿಂದ ತೂಗಿ ತೋರಿಸಿದ.

ಕೆಟ್ಟೈತಿ, ನಿಂತೈತಿ, ಹೋಗೈತಿ ಇವು ಮೂರೂ ಬ್ಯಾರೆ ಬ್ಯಾರೆ ಬರೀಬೇಕಾತು. ಮೋಟರ್‌ಹೋಮಿನಾಗ ಗಾಡಿಗೂ ಜನರೇಟರಿಗೂ ಸಾಮಾನ್ಯವಾಗಿ ಒಂದ ಡೀಸೆಲ್ ಟ್ಯಾಂಕ್ ಇರ್ತೈತಿ, ಆದ್ರ ಜನರೇಟರಿನ ಪೈಪು ಟ್ಯಾಂಕಿನ ತಳಾ ಮುಟ್ಟಂಗಿಲ್ಲ, ಸ್ವಲ್ಪ ಮ್ಯಾಲ ನಿಂತಿರ್ತೈತಿ. ಟ್ಯಾಂಕು ಕಾಲು ಭಾಗಕ್ಕ ಇಳಿದ್ರ ಜನರೇಟರ್ ನಿಲ್ತೈತಿ, ರಾತ್ರಿ ಎಲ್ಲಾ ಏಸಿ ಓಡಿಸಿ ಮುಂಜಾನಿ ಗಾಡಿ ಹೋಗಾಕ ಡೀಸೆಲ್ ಇಲ್ಲದಂಗ ಆಗಬಾರದಂತ ಹಂಗ ಮಾಡ್ಯಾರ. ಆಯಿಲ್ ಪ್ರೆಷರ್ ಕಡಿಮಿ ಆದ್ರೂ ತನ್ನಷ್ಟಕ್ಕ ತಾನ ನಿಲ್ತೈತಿ. ಇವೆರಡೂ ‘ನಿಂತೈತಿ’, ಕೆಟ್ಟಿಲ್ಲ. ರಿಪೇರಿ ಆಗುವಂಥದ್ದು ‘ಕೆಟ್ಟೈತಿ’. ಸುಟ್ಟು ಬದಲಿ ಹಾಕ್ಬೇಕಾದ್ದು ‘ಹೋಗೈತಿ’, ಏವಿಆರ್ (ವೋಲ್ಟೇಜ್ ಒಂದ ಸಮ ಇಡೋ ಭಾಗ) ಹೋಗೈತಿ ಅಂದಂಗ. ಪುಸ್ತಕದ ಕನ್ನಡದಾಗ ಇವು ಎಲ್ಲಾ ‘ವೈಫಲ್ಯ’ ಆಗ್ತಾವ, ಅದು ನನಗ ಒಪ್ಪಂಗಿಲ್ಲ.

‘ಹೊಗೆ’ ಅನ್ನೋದರಾಗೂ ಒಂದು ಅಪಾಯ ಕಂಡೆ. “ಮುಚ್ಚಿದ ಶೆಡ್ಡಿನಾಗ ಓಡಿಸಬ್ಯಾಡ್ರಿ, ಹೊಗೆ ತುಂಬುತ್ತೆ” ಅಂತ ಬರ್ದಿದ್ದೆ. ಡ್ರೈವರ್ ಅಂದ, ಹೊಗಿ ಕಾಣವಲ್ದು ಅಂದ್ರ ತೊಂದ್ರಿ ಇಲ್ಲಲ್ರಿ ಅಂತ. ಇಂಗಾಲದ ಮಾನಾಕ್ಸೈಡ್ ಕಣ್ಣಿಗೂ ಕಾಣಂಗಿಲ್ಲ ಮೂಗಿಗೂ ಬಡಿಯಂಗಿಲ್ಲ, ಅದಕ್ಕ ಅವತ್ತ ‘ವಿಷಗಾಳಿ, ಕಾಣುವುದಿಲ್ಲ’ ಅಂತ ಕೆಂಪು ಅಕ್ಷರದಾಗ ತಿದ್ದಿದೆ. ಇದರ ಬಗ್ಗೆ ಚರ್ಚಿ ಬೇಕಿಲ್ಲ.

ಕಡೀ ಮಾತು ಹಾಳಿಯ ಹೆಸರಿನ ಬಗ್ಗೆ. ‘ನಿರ್ವಹಣೆ’ ಅಂತ ಹಾಕಿದ್ರ ಆಫೀಸಿನ ವಾಸನಿ ಬರ್ತೈತಿ. ನಮ್ಮ ಅಜ್ಜ ‘ಮರಮ್ಮತ್ತು’ ಅಂತಿದ್ದ, ರಾಯಚೂರು ಕೊಪ್ಪಳ 1948ರತನಕ ನಿಜಾಮರ ಕೈಯಾಗ ಇದ್ದವು, ಉರ್ದು ಮಾತು ಮನಿಮನಿಯಾಗ ಉಳದಾವ. ಬಳ್ಳಾರಿ ಆಗ ಮದ್ರಾಸಿಗೆ ಸೇರಿತ್ತು, 1953ಕ್ಕ ಮೈಸೂರಿಗೆ ಬಂತು, ಅಲ್ಲಿಯ ನಮ್ಮ ಬೀಗರ ಮನಿಯಾಗ ಈ ಪದ ನಾನು ಕೇಳಿಲ್ಲ, ರಿಪೇರಿ ಅಂತಾರ ಅಷ್ಟ. ದುರಸ್ತಿ ಎರಡೂ ಕಡೆ ನಡೀತೈತಿ. ಆದ್ರ ಇವು ಎಲ್ಲಾ ಕೆಟ್ಟ ಮ್ಯಾಲ ಮಾಡೋ ಕೆಲಸದ ಹೆಸರು. ಕೆಡದಂಗ ನೋಡ್ಕೊಳ್ಳೋದಕ್ಕ ನಾನು ‘ದೇಖರೇಖಿ’ ಹಾಕೀನಿ, ಮನಿ ದೇಖರೇಖಿ, ಹೊಲದ ದೇಖರೇಖಿ ಅಂತೀವಲ್ಲ ಹಂಗ. ದಕ್ಷಿಣದ ಕಡಿಯವರಿಗೆ ಇದು ತಿಳಿತೈತೋ ಇಲ್ಲೋ ಹೇಳ್ರಿ, ಗಾಡಿ ಮುಂದ ಯಾರ ಕೈಗೆ ಹೋಗ್ತೈತೋ ಗೊತ್ತಿಲ್ಲ.

ನಿಮ್ಮ ಊರಾಗ ಜನರೇಟರ್, ಪಂಪ್‌ಸೆಟ್, ಟ್ರ್ಯಾಕ್ಟರ್ ಕೆಲಸ ಮಾಡೋರು ಯಾರಾದ್ರೂ ಗುರುತಿದ್ರ ಅವರನ್ನ ಕೇಳಿ ಬರೀರಿ, ಪದಕೋಶ ನಾನೂ ನೋಡೀನಿ, ಅದರಾಗ ಸಿಗಲಿಲ್ಲ. ಖಾಲಿ ಓಡೋ ಇಂಜಿನ್ನಿಗೂ ಲೋಡಿನ ಮ್ಯಾಲ ಓಡೋ ಇಂಜಿನ್ನಿಗೂ ಅವರು ಬ್ಯಾರೆ ಕ್ರಿಯಾಪದ ಬಳಸ್ತಾರೇನು, ಬಳಸಿದ್ರ ಯಾವುದು, ಅದು ಒಂದು ಗೊತ್ತಾದ್ರ ಸಾಕು. ಸದ್ಯಕ್ಕ “ತಿಂಗಳಿಗೊಮ್ಮೆ ಗೀಜರ್ ಹಚ್ಚಿ ಎರಡು ತಾಸು ಜನರೇಟರ್ ದುಡಿಸ್ರಿ, ಖಾಲಿ ಓಡಿಸಬ್ಯಾಡ್ರಿ” ಅಂತ ಪೆನ್ನಿನಾಗ ಬರ್ದು ಅಂಟಿಸೀವಿ. ಲ್ಯಾಮಿನೇಷನ್‌ಗೆ ಕೊಡೋದು ನಿಮ್ಮ ಉತ್ತರ ಬರೋತನಕ ನಿಲ್ಸೀನಿ.