5 ವರ್ಷದ ಮಗುವಿನ ಇಸಿಜಿಯಲ್ಲಿ ವಿ1ರಿಂದ ವಿ3ರವರೆಗೆ ಟಿ ತಲೆಕೆಳಗು, ಮಷೀನ್ ‘ಇಸ್ಕೀಮಿಯಾ’ ಅಂತಿದೆ. ಏನು ಮಾಡಲಿ?

ಹೊಸ ಟೆಕ್ನಿಷಿಯನ್:
ಎಲ್ಲರಿಗೂ ನಮಸ್ಕಾರ. ಇಸಿಜಿ ತೆಗೆಯುವ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಯ್ತು. ಇವತ್ತು 5 ವರ್ಷದ ಹುಡುಗಿ ಬಂದಿದ್ದಳು. ಮುಂದಿನ ವಾರ ಹರ್ನಿಯಾ ಆಪರೇಷನ್. ಎದೆ ಮೇಲಿನ ಲೀಡ್‌ಗಳಾದ ವಿ1, ವಿ2, ವಿ3 ಮೂರರಲ್ಲೂ ಟಿ ಅಲೆ (ಪ್ರತಿ ಬಡಿತದ ಕೊನೆಯ ಉಬ್ಬು) ಕೆಳಮುಖ. ಕಾಗದದ ಮೇಲ್ಗಡೆ ‘ಆಂಟೀರಿಯರ್ ಇಸ್ಕೀಮಿಯಾ ಇರಬಹುದು’, ಅಂದ್ರೆ ಹೃದಯದ ಮುಂಭಾಗಕ್ಕೆ ರಕ್ತ ಸಾಲದಿರಬಹುದು ಎಂದು ಬಂದಿದೆ. ಅದನ್ನು ಓದಿದ ಅವಳ ಅಪ್ಪ ಹಾಗೇ ಬೆಂಚಿನ ಮೇಲೆ ಕುಸಿದು ಕೂತರು. ಮಗು ಮಾತ್ರ ಆರಾಮಾಗಿ ಬಿಸ್ಕತ್ತು ತಿನ್ನುತ್ತಿದೆ. ಲೀಡ್ ಎಲ್ಲಾ ಬಿಚ್ಚಿ ಮತ್ತೆ ಹಾಕಿದೆ, ಅದೇ ಬಂತು. ನನ್ನಿಂದ ಏನಾದ್ರೂ ತಪ್ಪಾಯ್ತಾ?

ಮಕ್ಕಳ ಡಾಕ್ಟರ್:
ಲೀಡ್ ಸರಿಯಾಗೇ ಇರಬೇಕು. ಸ್ಟ್ರಿಪ್ ಮೇಲೆ ವಯಸ್ಸಿನ ಜಾಗದಲ್ಲಿ ಏನಿದೆ ನೋಡಿ.

ಹೊಸ ಟೆಕ್ನಿಷಿಯನ್:
ಖಾಲಿ ಇದೆ ಸರ್. ರಶ್ ಇತ್ತು, ಹೆಸರು ಮಾತ್ರ ಹಾಕಿದ್ದೆ.

ಮಕ್ಕಳ ಡಾಕ್ಟರ್:
ಹಾಗಾದ್ರೆ ಮಷೀನ್ ಅವಳನ್ನು ದೊಡ್ಡವರ ಲೆಕ್ಕಕ್ಕೆ ಸೇರಿಸಿಬಿಟ್ಟಿದೆ. ಈ ವಯಸ್ಸಿನಲ್ಲಿ ವಿ1ರಿಂದ ವಿ3ರವರೆಗೆ ಟಿ ಕೆಳಗಿರುವುದೇ ಸಹಜ. ಹುಟ್ಟಿದ ಮೊದಲ ಕೆಲವು ದಿನ ವಿ1ರಲ್ಲಿ ಟಿ ಮೇಲಕ್ಕಿರಬಹುದು. ವಾರದೊಳಗೆ ಅದು ಕೆಳಗೆ ತಿರುಗುತ್ತದೆ. ಆಮೇಲೆ ವರ್ಷಗಟ್ಟಲೆ ಹಾಗೇ ಇದ್ದು, ಮಗು ಬೆಳೆದ ಹಾಗೆ ಎಡಗಡೆಯ ಲೀಡ್‌ನಿಂದ ಒಂದೊಂದಾಗಿ ಮೇಲೇಳುತ್ತದೆ. ವಿ1 ಎಲ್ಲಕ್ಕಿಂತ ಕೊನೆಗೆ.

ಇದರ ಉಲ್ಟಾ ಕೇಸ್ ನನಗೆ ಜಾಸ್ತಿ ಚಿಂತೆ ತರುತ್ತದೆ. ಇದೇ ಹುಡುಗಿಗೆ ವಿ1ರಲ್ಲಿ ಟಿ ಮೇಲಕ್ಕಿದ್ದಿದ್ದರೆ ಹೃದಯದ ಬಲ ಕುಹರದ (ಕೆಳಗಿನ ಬಲ ಕೋಣೆ) ಮೇಲೆ ಒತ್ತಡ ಇದೆಯಾ ಅಂತ ಎಕೋ (ಹೃದಯದ ಸ್ಕ್ಯಾನ್) ಮಾಡಿಸಲು ಹೇಳುತ್ತಿದ್ದೆ. ದೊಡ್ಡವರ ಕಣ್ಣಿಗೆ ‘ಚೆನ್ನಾಗಿದೆ’ ಅನ್ನಿಸುವ ಸ್ಟ್ರಿಪ್ ಅದು! ಒಂದು ವಾರ ದಾಟಿದ ಮಗುವಿನಿಂದ ಹಿಡಿದು ಸುಮಾರು 8 ವರ್ಷದವರೆಗೆ ಇದನ್ನು ನೆನಪಿಡಿ.

ವಯಸ್ಸು ಹಾಕಿ ಮತ್ತೆ ತೆಗೆಯಿರಿ. ಡ್ಯೂಟಿ ಡಾಕ್ಟರಿಗೆ ಈಗಲೇ ತೋರಿಸಿ, ಆ ಅಪ್ಪನಿಗೆ ಅವರ ಬಾಯಿಂದಲೇ ಹೇಳಿಸಿ. ಮಗು ಯಾವತ್ತಾದ್ರೂ ಆಡುವಾಗ ತಲೆಸುತ್ತಿ ಬಿದ್ದಿತ್ತಾ, ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲಿ ಯಾರಾದ್ರೂ ದಿಢೀರ್ ತೀರಿಕೊಂಡಿದ್ದಾರಾ ಅಂತಲೂ ಅವರು ಕೇಳಲಿ.

ಐಸಿಯು ಸಿಸ್ಟರ್:
ನಮ್ಮಲ್ಲಿ ಒಮ್ಮೆ 32 ವರ್ಷದ ಹೆಂಗಸಿಗೆ ವಿ1, ವಿ2ರಲ್ಲಿ ಟಿ ಕೆಳಗಿತ್ತು. ಪಿ ಅಲೆ (ಬಡಿತದ ಮೊದಲ ಸಣ್ಣ ಉಬ್ಬು) ಕೂಡ ಎರಡರಲ್ಲೂ ಪೂರ್ತಿ ಕೆಳಮುಖ. ಹೋಗಿ ನೋಡಿದರೆ ಎಲೆಕ್ಟ್ರೋಡ್‌ಗಳು ಪಕ್ಕೆಲುಬುಗಳ ನಡುವಿನ 2ನೇ ಸಂದಿಯಲ್ಲಿದ್ದವು. ಇರಬೇಕಾದ್ದು 4ನೇದರಲ್ಲಿ. ಗಂಟಲ ಗುಳಿಯಿಂದ ಬೆರಳನ್ನು ಎದೆಮೂಳೆ ಮೇಲೆ ಕೆಳಗೆ ಜಾರಿಸಿ. ಒಂದು ಸಣ್ಣ ಉಬ್ಬು ಸಿಗುತ್ತದೆ. ಅದರ ಪಕ್ಕದ್ದೇ 2ನೇ ಪಕ್ಕೆಲುಬು, ಅದರ ಕೆಳಗಿನದು 2ನೇ ಸಂದಿ. ಇನ್ನೆರಡು ಸಂದಿ ಇಳಿದರೆ 4ನೇದು. ವಿ1 ಅಲ್ಲಿ ಬಲಗಡೆ, ವಿ2 ಎಡಗಡೆ. ಕೆಳಗೆ ಹಾಕಿ ತೆಗೆದಾಗ ವಿ2 ನೆಟ್ಟಗಾಯಿತು. ವಿ1 ಹಾಗೇ ಉಳಿಯಿತು. ದೊಡ್ಡವರಿಗೂ ಅದೊಂದರಲ್ಲಿ ಕೆಳಗಿದ್ದರೆ ತೊಂದರೆ ಇಲ್ಲ.

ಮಕ್ಕಳ ಡಾಕ್ಟರ್:
ಸಿಸ್ಟರ್ ಹೇಳಿದ್ದು ಸರಿ. ಆದರೆ ಎದೆನೋವು ಬಂದು ಹೋದ ದೊಡ್ಡವರಲ್ಲಿ ‘ಲೀಡ್ ತಪ್ಪಿರಬೇಕು’ ಅಂತ ಸುಮ್ನೆ ಬಿಡಬೇಡಿ. ನೋವು ನಿಂತ ಮೇಲೆ ವಿ2, ವಿ3ರಲ್ಲಿ ಟಿ ಮೊದಲು ಮೇಲೆದ್ದು ಆಮೇಲೆ ಕೆಳಗಿಳಿದಿದ್ದರೆ, ಅಥವಾ ಅಲೆಯ ಎರಡೂ ಬದಿ ಒಂದೇ ಥರ ಇದ್ದು ಆಳವಾಗಿ ಇಳಿದಿದ್ದರೆ, ಅದು ವೆಲೆನ್ಸ್ ಸಿಂಡ್ರೋಮ್ ಇರಬಹುದು. 1982ರಲ್ಲಿ ವಿವರಿಸಿದ ಇಸಿಜಿ ಚಿತ್ರ ಅದು. ಅದರಲ್ಲಿ ಹೃದಯದ ಮುಂಭಾಗಕ್ಕೆ ರಕ್ತ ಒಯ್ಯುವ ಎಲ್‌ಎಡಿ ನಾಳ ಶುರುವಿನಲ್ಲೇ ತುಂಬಾ ಕಿರಿದಾಗಿರುತ್ತದೆ. ಅಂಥವರನ್ನು ಟ್ರೆಡ್‌ಮಿಲ್ ಹತ್ತಿಸಲೇಬಾರದು. ನೇರ ಕಾರ್ಡಿಯಾಲಜಿಸ್ಟ್ ಹತ್ತಿರ ಕಳಿಸಿ.

ಹೊಸ ಟೆಕ್ನಿಷಿಯನ್:
ವಯಸ್ಸು 5 ಅಂತ ಹಾಕಿ ತೆಗೆದೆ. ಟಿ ಹಾಗೇ ಇದೆ, ಇಸ್ಕೀಮಿಯಾ ಅನ್ನುವ ಸಾಲು ಹೋಯ್ತು. ಡ್ಯೂಟಿ ಡಾಕ್ಟರ್ ಎದೆಬಡಿತ ಕೇಳಿ, ಅಪ್ಪನನ್ನು ಪಕ್ಕ ಕೂರಿಸಿಕೊಂಡು ಎರಡೂ ಕಾಗದ ತೋರಿಸಿ ವಿವರಿಸಿದರು. ಹಳೇ ಸ್ಟ್ರಿಪ್ ಮೇಲೆ ‘ವಯಸ್ಸು ನಮೂದಿಸಿಲ್ಲ’ ಎಂದು ಬರೆದು ಫೈಲ್‌ಗೆ ಸೇರಿಸಿದ್ದೇನೆ. ತುಂಬಾ ಥ್ಯಾಂಕ್ಸ್ ಸರ್, ಸಿಸ್ಟರ್.