‘ಗ್ರೌಂಡ್ ಬ್ಯಾಲೆನ್ಸ್’ಗೆ ಏನನ್ನೋಣ? (ಕಡಲತೀರದ ಲೋಹಶೋಧಕ, ಇವತ್ತೇ ಬೇಕು)

ಎಲ್ಲರಿಗೂ ನಮಸ್ಕಾರ.
ಲೋಹಶೋಧಕವೊಂದರ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ, ಸಂಜೆಯೊಳಗೆ ಅಚ್ಚಿಗೆ ಹೋಗಬೇಕು. ಕಡಲತೀರದ ಅಧ್ಯಾಯದಲ್ಲಿ ಎರಡು ಪದ ಕಾಡುತ್ತಿವೆ: ‘ಗ್ರೌಂಡ್ ಬ್ಯಾಲೆನ್ಸ್’ ಮತ್ತು ‘ಫಾಲ್ಸಿಂಗ್’.
ಒಣ ಮರಳಿನಲ್ಲಿ ತೊಂದರೆಯಿಲ್ಲ. ಅಲೆ ಬಂದು ಹೋಗುವ ಹಸಿ ಮರಳಿಗೆ ಇಳಿದೊಡನೆ ಯಂತ್ರ ಸುಮ್ಮಸುಮ್ಮನೆ ಕಿರುಚುತ್ತದೆ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು ೩೫ ಗ್ರಾಂ ಉಪ್ಪು. ಅದರಲ್ಲಿ ವಿದ್ಯುತ್ ಹರಿಯುವುದರಿಂದ ಮರಳೇ ಲೋಹದ ಹಾಗೆ ಸದ್ದು ಕೊಡುತ್ತದೆ. ಇದು ಫಾಲ್ಸಿಂಗ್. ನೆಲದ ಸದ್ದನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ಯಂತ್ರಕ್ಕೆ ಕಲಿಸುವುದು ಗ್ರೌಂಡ್ ಬ್ಯಾಲೆನ್ಸ್. ‘ನೆಲದ ಸಮತೋಲನ’ ಅಂತ ಹಾಕಿದ್ದೆ. ಓದಿದ ಗೆಳೆಯ, ಯಂತ್ರದ ತಟ್ಟೆಯನ್ನು ನೆಲಕ್ಕೆ ಸಮನಾಗಿ ಹಿಡಿಯಬೇಕು ಅಂದುಕೊಂಡ!

*

ಭೂಸಂತುಲನ. ಹಸಿ ಮರಳಿಗೆ ‘ಕ್ಷಾರಸಿಕತೆ’. ಇಷ್ಟಕ್ಕೆ ಚರ್ಚೆ ಬೇಕೆ?

*

ಕ್ಷಾರ ಅಂದರೆ ಉಪ್ಪಲ್ಲ, ಆಲ್ಕಲಿ. ಸಿಕತೆಯನ್ನು ಸಲಿಕೆಯಿಂದ ಅಗೆಯುವವರನ್ನು ನಾನಂತೂ ಕಂಡಿಲ್ಲ.
‘ನೆಲಸಮತೋಲನ’ ಅಂತಲೂ ಕೂಡಿಸಬೇಡಿ. ಅರಿಸಮಾಸ, ಕನ್ನಡ–ಸಂಸ್ಕೃತ ಪದಗಳ ಸಲ್ಲದ ಬೆಸುಗೆ. ಜೊತೆಗೆ ಓದುವವರ ಕಣ್ಣು ‘ನೆಲಸಮ’ದಲ್ಲೇ ನಿಲ್ಲುತ್ತದೆ, ಯಂತ್ರ ಮನೆ ಕೆಡವಲು ಬಂತು ಅನ್ನಿಸುತ್ತದೆ.
ನಮ್ಮಲ್ಲೇ ‘ಸರಿದೂಗಿಸು’ ಇದೆ. ಸರಿ + ತೂಗಿಸು. ತಕ್ಕಡಿ ಅದರೊಳಗೇ ಇದೆ. ಬ್ಯಾಲೆನ್ಸ್ ಅನ್ನುವುದೂ ಲ್ಯಾಟಿನ್ನಿನ ಎರಡು ತಟ್ಟೆಯ ತಕ್ಕಡಿಯಿಂದಲೇ ಬಂದದ್ದು. ಫಾಲ್ಸಿಂಗಿಗೆ ‘ಹುಸಿಗರೆ’, ಹುಸಿ + ಕರೆ.

*

‘ನೆಲಸಮ’ವೂ ಅರಿಸಮಾಸವೇ ಸ್ವಾಮಿ. ಹಳಗನ್ನಡ ವ್ಯಾಕರಣ ಬರೆದ ಕೇಶಿರಾಜ ಬಿರುದುಗಳಿಗೆ ವಿನಾಯಿತಿ ಕೊಟ್ಟ, ನೀವು ಕೆಡವುವವರಿಗೆ ಕೊಟ್ಟಿರಿ.

*

ಹಸಿ ಮರಳಿನಲ್ಲಿ ಆ ಯಂತ್ರ ಹಿಡಿದು ಬೆನ್ನು ನೋಯಿಸಿಕೊಂಡವನು ನಾನು, ಎರಡು ಮಾತು ಹೇಳುತ್ತೇನೆ. ಸರಿದೂಗಿಸುವುದು ಪುಕ್ಕಟೆಯಲ್ಲ. ಉಪ್ಪಿನ ಸದ್ದೂ ತೆಳುವಾದ ಚಿನ್ನದ ಸರದ ಸದ್ದೂ ಹೆಚ್ಚುಕಡಿಮೆ ಒಂದೇ ಥರ. ಉಪ್ಪನ್ನು ಅಳಿಸಲು ಹೋದರೆ ಸರವೂ ಅಳಿಸಿಹೋಗುತ್ತದೆ. ಅಲ್ಲಿ ಕಬ್ಬಿಣದ ಅಂಶದ ಕರಿ ಮರಳೂ ಸೇರಿದ್ದರೆ ಒಂದೇ ಆವರ್ತನದ (ಫ್ರೀಕ್ವೆನ್ಸಿಯ) ಯಂತ್ರ ಎರಡನ್ನೂ ಒಟ್ಟಿಗೆ ಸುಮ್ಮನಾಗಿಸಲಾರದು. ಹಲವು ಆವರ್ತನದವು ಹೋಲಿಸಿ ನೋಡಿ ಪರವಾಗಿಲ್ಲ ಅನ್ನಿಸುತ್ತವೆ. ಪಲ್ಸ್ ಯಂತ್ರಗಳ ಉಪಾಯ ಬೇರೆ: ಮಿಡಿತ ಕೊಟ್ಟು ಚೂರು ಕಾಯುತ್ತವೆ, ಉಪ್ಪಿನ ಮಾರ್ದನಿ ಬೇಗ ಸಾಯುತ್ತದೆ, ಲೋಹದ್ದು ಉಳಿಯುತ್ತದೆ. ಅಂದಮೇಲೆ ಇಲ್ಲಿ ತೂಗುವುದೆಲ್ಲಿದೆ? ‘ನೆಲ ಮರೆಸು’ ಅನ್ನಿ.

*

‘ಮರೆಸು’ ಅಂದರೆ ಬಚ್ಚಿಡು ಅಂತಲೂ ಆಗುತ್ತದೆ. ಹುಡುಕುವ ಯಂತ್ರದ ಮೇಲೆ ಒತ್ತಿದರೆ ಬಚ್ಚಿಡುವ ಗುಂಡಿ!
ತೂಗುವುದು ಇತ್ತು. ೧೮೮೧ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಮೈಯೊಳಗಿನ ಗುಂಡು ಹುಡುಕಲು ಗ್ರಹಾಂ ಬೆಲ್ ತಂದ ಸಲಕರಣೆಯ ಹೆಸರೇ ಇಂಡಕ್ಷನ್ ಬ್ಯಾಲೆನ್ಸ್. ಗುಂಡು ಸಿಗಲಿಲ್ಲ, ಅದು ಬೇರೆ ಮಾತು. ಅದರ ತಂತಿ ಸುರುಳಿಗಳು ಒಂದನ್ನೊಂದು ಸರಿದೂಗಿ ಸುಮ್ಮನಿರಬೇಕು, ಲೋಹ ಬಂದರೆ ದನಿ ಏಳಬೇಕು. ಬ್ಯಾಲೆನ್ಸ್ ಅನ್ನುವ ಮಾತು ಆಗಲೇ ಇತ್ತು, ನಿಮ್ಮ ಬೆನ್ನುನೋವಿನಿಂದ ಹುಟ್ಟಿದ್ದಲ್ಲ.

*

ಪರಭಾಷೆಯ ಪದ ಕಂಡರೆ ಸಾಕು, ಮೈಮೇಲೆ ಬಂದಂತೆ ಆಡುತ್ತೀರಿ. ಬಸ್ಸು, ಬ್ಯಾಂಕು ಬಂದಾಗ ಯಾರು ಸತ್ತರು? ‘ಬ್ಯಾಲೆನ್ಸ್ ಮಾಡಿ’ ಅಂದರೆ ಮಕ್ಕಳಿಗೂ ಗೊತ್ತು.

*

ಗೊತ್ತು. ನೆಲಕ್ಕೆ ಸಮನಾಗಿ ಹಿಡಿಯುವುದು ಅಂತ. ಮೊದಲ ಓಲೆ ಓದಿ.

*

ಎಲ್ಲರಿಗೂ ವಂದನೆ. ‘ಹುಸಿ ಸದ್ದು’ ಅಂತ ಬಿಡಿಸಿ ಹಾಕಿದೆ. ಹುಸಿಗರೆ ಚೆನ್ನಾಗಿದೆ, ಆದರೆ ಯಾರೋ ಕರೆಯುತ್ತಿದ್ದಾರೆ ಅನ್ನಿಸಿತು. ಇನ್ನೊಂದಕ್ಕೆ ‘ನೆಲದ ಸದ್ದನ್ನು ಸರಿದೂಗಿಸುವುದು’. ‘ಸದ್ದು’ ಸೇರಿಸಿದ ಮೇಲೆ ಗೆಳೆಯ ತಟ್ಟೆಯ ಮಾತೆತ್ತಲಿಲ್ಲ. ಸಣ್ಣ ಚಿನ್ನ ತಪ್ಪಿಹೋಗಬಹುದು ಎಂಬ ಎಚ್ಚರಿಕೆ ಮೂಲದಲ್ಲೂ ಇತ್ತು, ನಾನು ಅದನ್ನು ಮಸುಕಾಗಿ ಬರೆದಿದ್ದೆ, ತಿದ್ದಿದೆ. ಗುಂಡಿಯ ಮೇಲೆ ಮಾತ್ರ ಜಾಗವಿಲ್ಲ, ‘ಜಿ.ಬಿ.’ ಎಂದೇ ಉಳಿದಿದೆ.

*

ಜಿ.ಬಿ.? ‘ನೆ.ಸ.’ ಅಂತ ಹಾಕಲು ಏನು ಕಷ್ಟವಿತ್ತು?