‘ಆರೆಂಜ್’ ಅಪ್ಪಟ ಕನ್ನಡ ಪದವಾ? ಒಂದು ಶಾಲೆ ಚಾರ್ಟಿನ ಜಗಳ

ತುಂಗೆ ದಡ, ತೀರ್ಥಹಳ್ಳಿ:
ಮಗಳು ಏಳನೇ ಕ್ಲಾಸು. ಒಂದು ಇಂಗ್ಲಿಷ್ ಪದ ಆರಿಸಿ ಅದರ ಅರ್ಥಗಳು, ಅದು ಹುಟ್ಟಿದ ಬಗೆ, ಅದರ ಅನಾಗ್ರಾಂಗಳು, ಅಂದರೆ ಅದೇ ಅಕ್ಷರಗಳನ್ನು ಕಲಸಿದರೆ ಆಗುವ ಬೇರೆ ಪದಗಳು, ಇಷ್ಟನ್ನೂ ಚಾರ್ಟಿನಲ್ಲಿ ಬರೆದು ತರಬೇಕಂತೆ. ಅವಳು ‘ಆರೆಂಜ್’ ಆರಿಸಿದ್ದಾಳೆ. ವಾಟ್ಸಾಪಿನಲ್ಲಿ ಬಂದ ಒಂದು ಫಾರ್ವರ್ಡ್ ಪ್ರಕಾರ ಅದು ಅಪ್ಪಟ ಕನ್ನಡ ಪದ, ಇಂಗ್ಲಿಷರು ಕದ್ದಿದ್ದು. ಹಾಗೇ ಬರೆಸಬಹುದಾ? ಸೋಮವಾರ ಕೊಡಬೇಕು.

ಹೊಸನಗರದ ಮಳೆ:
ಧೈರ್ಯವಾಗಿ ಬರೆಸಿ ಅಕ್ಕ. ‘ನರುಗಂಪು’ ಅಂತೀವಲ್ಲ, ಅದರಲ್ಲಿರುವ ‘ನರು’ ಅಂದರೆ ಪರಿಮಳ. ಪರಿಮಳದ ಕಾಯಿ ನಾರಂಗಾಯಿ, ಅದೇ ನಾರಂಗ. ಅರಬರ ಬಾಯಲ್ಲಿ ನಾರಂಜ್, ಯುರೋಪಿಗೆ ಹೋಗಿ ಆರೆಂಜ್. ಇದರಲ್ಲಿ ಅನುಮಾನ ಏನಿದೆ?

ಸಾಗರದ ಮೇಷ್ಟ್ರು:
ಸ್ವಲ್ಪ ನಿಧಾನ ಮಾರಾಯ್ರೆ. ದಾರಿ ಸರಿ ಇದೆ, ಹೊರಟ ಊರಿನ ಬಗ್ಗೆ ನನ್ನ ತಕರಾರು. ಇಂಗ್ಲಿಷಿಗೆ ಬಂದಿದ್ದು ಫ್ರೆಂಚಿನಿಂದ. ಅದರ ಹಿಂದೆ ಅರಬ್ಬಿ, ಅರಬ್ಬಿಯ ಹಿಂದೆ ಪರ್ಷಿಯನ್ನಿನ ‘ನಾರಂಗ್’, ಅದರ ಹಿಂದೆ ಸಂಸ್ಕೃತದ ‘ನಾರಂಗ’. ಇಲ್ಲಿವರೆಗೆ ನಿಘಂಟುಗಳಲ್ಲಿ ಜಗಳ ಇಲ್ಲ. ಸಂಸ್ಕೃತಕ್ಕೆ ಅದು ಯಾವುದೋ ದ್ರಾವಿಡ ಭಾಷೆಯಿಂದ ಬಂದಿರಬೇಕು ಅನ್ನುವುದು ಒಂದು ಒಳ್ಳೆ ಊಹೆ. ಊಹೆ! ಸರಿ, ದ್ರಾವಿಡವೇ ಅಂತ ಇಟ್ಟುಕೊಳ್ಳೋಣ. ತಮಿಳಿನಲ್ಲಿ ‘ನಾರತ್ತೈ’ ಇದೆ, ತೆಲುಗಿನಲ್ಲಿ ‘ನಾರಿಂಜ’ ಇದೆ, ಮಲಯಾಳದಲ್ಲಿ ‘ನಾರಂಗ’ ಅಂದರೆ ನಿಂಬೆಹಣ್ಣು. ನಾವು ಬಾಯ್ತುಂಬ ‘ಕಿತ್ತಳೆ’ ಅಂತೀವಿ. ದಾವೆ ಹೂಡುವುದಾದರೆ ಅವರೆಲ್ಲ ಕ್ಯೂನಲ್ಲಿ ನಮಗಿಂತ ಮುಂದಿದ್ದಾರೆ.

ಹೊಸನಗರದ ಮಳೆ:
ಆದ್ರೂ ‘ನರು’ ನಮ್ಮಲ್ಲೂ ಇದೆ ಅಲ್ವಾ ಮೇಷ್ಟ್ರೇ? ‘ನಾರು’ ಕೂಡ ಇದೆ. ಈಗ ಗಬ್ಬು ವಾಸನೆಗೆ ಮಾತ್ರ ‘ನಾರುತ್ತೆ’ ಅಂತೀವಿ, ಹಿಂದೆ ಒಳ್ಳೆ ವಾಸನೆಗೂ ಅಂತಿದ್ರು.

ಸಾಗರದ ಮೇಷ್ಟ್ರು:
ಇದೆ. ಬೇರು ಎಲ್ಲರ ಮನೆಯಲ್ಲೂ ಇದೆ ಅನ್ನುವುದೇ ನನ್ನ ಮಾತು.

ಪದಬಂಧ ಪ್ರೇಮಿ, ದುರ್ಗಿಗುಡಿ:
ನೀವು ಬೇರು ಅಗೆಯುತ್ತಾ ಇರಿ, ನಾನು ಅನಾಗ್ರಾಂ ಕೊಡುತ್ತೇನೆ. ಓ, ಆರ್, ಎ, ಎನ್, ಜಿ, ಇ. ಆರೂ ಅಕ್ಷರ ಬಳಸಿ ಒಂದೇ ಪದ ಆಗಬೇಕು ಅಂದರೆ ‘ಆನಜರ್’, ಅಂದರೆ ಏಷ್ಯಾದ ಕಾಡುಕತ್ತೆ. ಗುಜರಾತಿನ ಕಛ್‌ನ ಸಣ್ಣ ರಣ್‌ನಲ್ಲಿ ಇರುವುದು ಇದೇ ಜಾತಿ. ರೋಮನ್ನರು ಕಲ್ಲೆಸೆಯುವ ಒಂದು ಯುದ್ಧಯಂತ್ರಕ್ಕೂ ಈ ಹೆಸರಿಟ್ಟಿದ್ದರು, ಕತ್ತೆ ಒದ್ದ ಹಾಗೆ ಜಾಡಿಸುತ್ತಿತ್ತು ಅಂತ.

ಎರಡು ಪದ ಆದರೂ ಪರವಾಗಿಲ್ಲ ಅಂದರೆ ಹಬ್ಬ. ‘ಗೋ ನಿಯರ್’, ಹತ್ತಿರ ಹೋಗು. ‘ನೋ ರೇಜ್’, ಸಿಟ್ಟಿಲ್ಲ. ‘ಆನ್ ಓಗರ್’, ಒಬ್ಬ ರಾಕ್ಷಸ. ‘ನೋ ಗೇರ್’. ‘ಎ ಗಾನರ್’, ಕಥೆ ಮುಗಿದವನು. ಆಗುಂಬೆ ಘಾಟಿ ಇಳಿಯುವಾಗ ‘ನೋ ಗೇರ್’ ಆದವನು ‘ಎ ಗಾನರ್’ ಅಂತ ಮಗಳಿಗೆ ಹೇಳಿಕೊಡಿ, ಮರೆಯಲ್ಲ.

ಕನ್ನಡದಲ್ಲಿ ಈ ಆಟ ಕಷ್ಟ. ನಮಗೆ ಗುಣಿತ, ಒತ್ತು ಎಲ್ಲ ಅಕ್ಷರಕ್ಕೇ ಅಂಟಿಕೊಂಡಿರುತ್ತವೆ. ನದಿ–ದಿನ, ಸದಾ–ದಾಸ, ಕಪಿ–ಪಿಕ, ಹೀಗೆ ಚಿಕ್ಕಪುಟ್ಟದ್ದು ಸಿಗುತ್ತವೆ. ಉದ್ದ ಪದ ಹಿಡಿದರೆ ತಲೆ ಕೆಡುತ್ತೆ.

ಹೊಸನಗರದ ಮಳೆ:
ಓಗರ್! ಓಗರ ಅಂದರೆ ಅನ್ನ. ಪುಳಿಯೋಗರೆ. ಅನ್ನ ಜಾಸ್ತಿ ತಿನ್ನುವವನು ರಾಕ್ಷಸ. ಇದೂ ನಮ್ಮದೇ 😀

ಸಾಗರದ ಮೇಷ್ಟ್ರು:
ನಗು ಬಂತು. ಆದರೆ ಫಾರ್ವರ್ಡ್‌ಗಳು ಹುಟ್ಟುವುದೂ ಹೀಗೇ. ಸದ್ದು ಒಂದೇ ಆದ ಮಾತ್ರಕ್ಕೆ ನೆಂಟಸ್ತಿಕೆ ಆಗಲ್ಲ. ‘ಆರೆಂಜ್’ನಲ್ಲೇ ಉದಾಹರಣೆ ಇದೆ. ದಕ್ಷಿಣ ಫ್ರಾನ್ಸಿನಲ್ಲಿ ಆರೆಂಜ್ ಅಂತ ಒಂದು ಊರು. ರೋಮನ್ನರ ಕಾಲದಲ್ಲಿ ಅದರ ಹೆಸರು ಅರೌಸಿಯೋ. ಹಣ್ಣಿಗೂ ಅದಕ್ಕೂ ಏನೇನೂ ಸಂಬಂಧ ಇರಲಿಲ್ಲ. ಉಚ್ಚಾರ ಸವೆದು ಸವೆದು ಹಣ್ಣಿನ ಹೆಸರಿನ ಜೊತೆ ಒಂದಾಯಿತು. ಆ ಊರಿನ ಒಡೆತನದ ಪದವಿ ಕೊನೆಗೆ ಡಚ್ ರಾಜಮನೆತನಕ್ಕೆ ಸೇರಿತು. ಅವರ ಫುಟ್‌ಬಾಲ್ ತಂಡ ಕಿತ್ತಳೆ ಬಣ್ಣದ ಅಂಗಿ ಹಾಕುವುದು ಅದಕ್ಕೇ. ‘ಅರ್ಥಗಳು’ ಅನ್ನುವ ಕಡೆ ಹಣ್ಣು, ಬಣ್ಣ, ಊರು, ಮನೆತನ, ನಾಲ್ಕನ್ನೂ ಬರೆಸಿ.

ತುಂಗೆ ದಡ, ತೀರ್ಥಹಳ್ಳಿ:
ಬರೆಸಿದೆ. ಈಗ ಮಗಳ ಪ್ರಶ್ನೆ: ನಾರಂಜ್‌ನಲ್ಲಿದ್ದ ಮೊದಲಿನ ‘ನ’ ಎಲ್ಲಿ ಹೋಯಿತು? ಇಂಗ್ಲಿಷರು ‘ಎ ನಾರೆಂಜ್’ ಅನ್ನುವುದನ್ನು ‘ಆನ್ ಆರೆಂಜ್’ ಅಂತ ಕೇಳಿಸಿಕೊಂಡರು ಅಂತ ಅವಳ ಮಾವ ಹೇಳುತ್ತಾನೆ.

ಪದಬಂಧ ಪ್ರೇಮಿ, ದುರ್ಗಿಗುಡಿ:
ಮಾವ ಹತ್ತಿರ ಬಂದಿದ್ದಾರೆ, ಭಾಷೆ ತಪ್ಪಿದೆ. ಇಂಗ್ಲಿಷಿಗೆ ಬರುವ ಮೊದಲೇ ಫ್ರೆಂಚ್, ಇಟಾಲಿಯನ್ ಕಡೆಯಲ್ಲೇ ‘ನ’ ಉದುರಿತ್ತು. ಅಲ್ಲೂ ‘ಒಂದು’ ಅನ್ನುವ ಪದದ ಕೊನೆಯಲ್ಲಿ ‘ನ’ಕಾರ ಇದೆ, ಎರಡು ‘ನ’ ಒಟ್ಟಿಗೆ ಬಂದಾಗ ಒಂದನ್ನು ನುಂಗಿದರು. ಸ್ಪ್ಯಾನಿಷಿನವರು ಇವತ್ತಿಗೂ ‘ನ’ ಉಳಿಸಿಕೊಂಡಿದ್ದಾರೆ. ಮಾವ ಹೇಳಿದ ಕಥೆ ಇಂಗ್ಲಿಷಿನಲ್ಲೇ ನಡೆದಿದ್ದು ಬೇರೆ ಪದಗಳಿಗೆ. ಏಪ್ರನ್ ಮೊದಲು ‘ನೇಪ್ರನ್’. ಕ್ರಿಕೆಟ್ಟಿನ ಅಂಪೈರ್ ಕೂಡ ಹಾಗೇ ಮುಂದಿನ ‘ನ’ ಕಳೆದುಕೊಂಡ ಗಿರಾಕಿ. ಉಲ್ಟಾ ಕೂಡ ಆಗಿದೆ: ನಿಕ್‌ನೇಮ್ ಮೊದಲು ‘ಎಕ್‌ನೇಮ್’ ಇತ್ತು, ಎಲ್ಲಿಂದಲೋ ‘ನ’ ಬಂದು ಅಂಟಿತು.

ಭದ್ರಾವತಿ ಹೈದ:
ನಾನು ಗಲ್ಫ್‌ನಲ್ಲಿ ಕೆಲಸ ಮಾಡಿ ಬಂದವನು. ಅಲ್ಲಿ ತರಕಾರಿ ಅಂಗಡಿಯಲ್ಲಿ ಕಿತ್ತಳೆಗೆ ಯಾರೂ ನಾರಂಜ್ ಅನ್ನಲ್ಲ. ‘ಬುರ್ತುಖಾಲ್’ ಅಂತಾರೆ. ಅರಬ್ಬಿಯಿಂದ ಬಂದಿದ್ದು ಅಂತೀರಲ್ಲ?

ಸಾಗರದ ಮೇಷ್ಟ್ರು:
ಒಳ್ಳೆ ಪ್ರಶ್ನೆ ತಮ್ಮಾ. ಬುರ್ತುಖಾಲ್ ಅಂದರೆ ಪೋರ್ಚುಗಲ್! ಮೊದಲು ಅರಬರು ಯುರೋಪಿಗೆ ಒಯ್ದಿದ್ದು ಹುಳಿ, ಕಹಿ ಕಿತ್ತಳೆ. ನಾರಂಜ್ ಅನ್ನುವುದು ಅದರ ಹೆಸರು. ಸಿಹಿ ಕಿತ್ತಳೆ ಜೋರಾಗಿ ಹಬ್ಬಿದ್ದು ಆಮೇಲೆ, 16ನೇ ಶತಮಾನದ ಹೊತ್ತಿಗೆ, ಪೋರ್ಚುಗೀಸರ ವ್ಯಾಪಾರದಲ್ಲಿ. ಅದಕ್ಕೆ ಅರಬರು, ಟರ್ಕಿಯವರು, ಗ್ರೀಕರು ಎಲ್ಲ ಪೋರ್ಚುಗಲ್ ಹೆಸರನ್ನೇ ಇಟ್ಟರು. ಡಚ್ಚರು ‘ಚೀನಾ ಸೇಬು’ ಅಂದರು. ಇಂಗ್ಲಿಷರು, ಫ್ರೆಂಚರು ಹುಳಿ ಹಣ್ಣಿನ ಹೆಸರನ್ನೇ ಸಿಹಿಗೂ ಹಚ್ಚಿದರು. ಹಾಗಾಗಿ ಹಳೇ ‘ಆರೆಂಜ್’ ಅಂದರೆ ಅಂಗಡಿಯ ನಾಗಪುರ ಕಿತ್ತಳೆ ಅಲ್ಲ, ನಮ್ಮ ಹೇರಳೆ, ಕಂಚಿಕಾಯಿ ಕಡೆಯದ್ದು.

ತುಂಗೆ ದಡ, ತೀರ್ಥಹಳ್ಳಿ:
ಹೇರಳೆ ನಮ್ಮ ಹಿತ್ತಿಲಲ್ಲೇ ಇದೆ! ಈಗಷ್ಟೇ ಅತ್ತೆ ಗೊಜ್ಜಿಗೆ ಅಂತ ಒಂದು ಸುಲಿದರು. ಸಿಪ್ಪೆ ಮುರಿದರೆ ಸಾಕು, ಎಣ್ಣೆ ಚಿಮ್ಮಿ ಕಣ್ಣಿಗೆ ಹಾರುತ್ತೆ. ಸೋಪು ಹಾಕಿ ತೊಳೆದರೂ ಉಗುರಿನ ಸಂದಿಯ ವಾಸನೆ ಹೋಗಲ್ಲ. ಒಂದು ಬೀಜ ಉಳಿದರೂ ಗೊಜ್ಜೆಲ್ಲ ಕಹಿ, ಎಷ್ಟು ಬೆಲ್ಲ ಸುರಿದರೂ ಅಷ್ಟೇ.

ಹೊಸನಗರದ ಮಳೆ:
ನೋಡಿ, ನರು! ಸಾಕ್ಷಿ ಅಕ್ಕನ ಉಗುರಲ್ಲೇ ಇದೆ.

ಪದಬಂಧ ಪ್ರೇಮಿ, ದುರ್ಗಿಗುಡಿ:
ಬಣ್ಣದ ವಿಷಯ ಬಿಟ್ಟುಹೋಯಿತು. ಇಂಗ್ಲಿಷಿನಲ್ಲಿ ಹಣ್ಣು ಮೊದಲು, ಬಣ್ಣಕ್ಕೆ ಆ ಹೆಸರು ಬಂದಿದ್ದು 16ನೇ ಶತಮಾನದಲ್ಲಿ. ಅದಕ್ಕೆ ಮೊದಲು ಕೆಂಪು ಅಥವಾ ‘ಹಳದಿಗೆಂಪು’ ಅಂತ ಸುಧಾರಿಸುತ್ತಿದ್ದರು. ಅವರ ರಾಬಿನ್ ಹಕ್ಕಿಯ ಎದೆ ಸ್ಪಷ್ಟ ಕಿತ್ತಳೆ ಬಣ್ಣ, ಹೆಸರು ಮಾತ್ರ ಇವತ್ತಿಗೂ ‘ಕೆಂಪೆದೆ’.

ತುಂಗೆ ದಡ, ತೀರ್ಥಹಳ್ಳಿ:
ಚಾರ್ಟಿನಲ್ಲಿ ಜಾಗ ಮುಗಿಯುತ್ತಾ ಬಂತು. ಸಂಸ್ಕೃತದಿಂದ ಫ್ರೆಂಚಿನವರೆಗೆ ಬಾಣ ಎಳೆದಾಯ್ತು. ಎಲ್ಲಕ್ಕಿಂತ ಹಿಂದೆ ‘ದ್ರಾವಿಡ’ ಅಂತ ಬರೆದು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿಸಲಾ ಮೇಷ್ಟ್ರೇ?

ಸಾಗರದ ಮೇಷ್ಟ್ರು:
ಹಾಕಿಸಿ. ಅದೇ ಸರಿ.

ಹೊಸನಗರದ ಮಳೆ:
ಪೆನ್ಸಿಲಿನಲ್ಲಿ ಹಾಕಿಸಿ ಅಕ್ಕ.